ಬ್ಯಾಕ್ಟೀರಿಯಾದ ಬುತ್ತಿಗಂಟು

ಅಥಣಿ, ಕಾಗವಾಡ, ರಾಯಬಾಗದ ಕಡೆ ಕಾಯಿಲೆ ಕೈಮೀರುತ್ತಿದೆ ಅನಿಸಿದಾಗ ಮನೆಯ ಹಿರಿಯರು ಹೇಳುವ ಮಾತು ಒಂದೇ: ‘ಮಿರಜಿಗೆ ಒಯ್ಯೋಣ.’ ಬೆಳಗಾವಿ, ಹುಬ್ಬಳ್ಳಿ ದೂರ. ಗಡಿಯಾಚೆ ಮಹಾರಾಷ್ಟ್ರದಲ್ಲಿರುವ ಮಿರಜ ಕಾಗವಾಡದಿಂದ ಅರ್ಧ ತಾಸಿನ ದಾರಿ. ಕೆನಡಾ ಮೂಲದ ಮಿಷನರಿ ವೈದ್ಯ ವಿಲಿಯಂ ವಾನ್ಲೆಸ್ 1894ರಲ್ಲಿ ಅಲ್ಲಿ ಆಸ್ಪತ್ರೆ ಕಟ್ಟಿದ ಕಾಲದಿಂದ ಬೆಳೆದುಬಂದ ರೂಢಿ ಅದು. 1962ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜೂ ಬಂತು. ಸಾಂಗ್ಲಿ-ಮಿರಜ ರಸ್ತೆಯುದ್ದಕ್ಕೂ ಖಾಸಗಿ ದವಾಖಾನೆಗಳು, ಲ್ಯಾಬುಗಳು, ಔಷಧ ಅಂಗಡಿಗಳು ತುಂಬಿಕೊಂಡವು. ಒಂದು ಕಾಲಕ್ಕೆ ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದಾಗಿತ್ತು. ಶಿರಹಟ್ಟಿ, ತೇರದಾಳ, ಬೆಳಗಾವಿಯ ಶಹಾಪುರ ಸಾಂಗ್ಲಿ ಸಂಸ್ಥಾನದ್ದಾಗಿದ್ದವು. ಸಂಸ್ಥಾನಗಳು ಹೋಗಿ ಮುಕ್ಕಾಲು ಶತಮಾನವಾಯಿತು. ಕಾಯಿಲೆಯ ವಿಷಯದಲ್ಲಿ ಮಾತ್ರ ಇಲ್ಲಿ ರಾಜ್ಯದ ಗಡಿ ಇನ್ನೂ ಸರಿಯಾಗಿ ಬಿದ್ದಿಲ್ಲ. ಜತ್ತ ತಾಲ್ಲೂಕಿನ ಕನ್ನಡದ ಹಳ್ಳಿಗಳವರೂ ಅಥಣಿಯವರೂ ಅದೇ ಬೆಂಚಿನ ಮೇಲೆ ಕೂತು ತಮ್ಮ ಹೆಸರು ಕೂಗುವುದನ್ನು ಕಾಯುತ್ತಾರೆ.

ಹೃದಯ, ಎಲುಬು, ಮೂತ್ರಪಿಂಡದ ಕಲ್ಲು ಇಂಥ ದೊಡ್ಡ ಕೆಲಸಗಳಿಗೆ ಮಿರಜಿಗೆ ಹೋಗುವುದು ಸರಿ. ಈಗ ಒಂದು ಸಣ್ಣ ಕಾಯಿಲೆಯೂ ಆ ಸಾಲಿಗೆ ಸೇರುತ್ತಿದೆ. ‘ಉಚ್ಚಿ ಉರಿತೈತ್ರಿ’ ಎಂದು ಸಂಕೋಚದಿಂದ ಹೇಳಿಕೊಳ್ಳುವ ಉರಿಮೂತ್ರ. ಜೀರಿಗೆ ನೀರು, ಕೊತ್ತಂಬರಿ ಬೀಜದ ಕಷಾಯ, ಎಳನೀರು ಎಲ್ಲ ಆದಮೇಲೆ ಊರ ಡಾಕ್ಟರು ಬರೆದುಕೊಟ್ಟ ಗುಳಿಗಿ. ಅದು ತಾಗದಿದ್ದರೆ ಅಂಗಡಿಯವನೇ ಕೊಟ್ಟ ‘ಪಾವರ್ ಜಾಸ್ತಿ ಇರೋ’ ಗುಳಿಗಿ. ಅದೂ ತಾಗದೆ ಚಳಿಜ್ವರ ಬಂದು ಪಕ್ಕೆ ನೋಯತೊಡಗಿದಾಗ ಮಿರಜ. ಅಲ್ಲಿ ಮೊದಲು ಮೂತ್ರದ ಕಲ್ಚರ್ ಮಾಡಿಸುತ್ತಾರೆ. ಎರಡು ದಿನ ಬಿಟ್ಟು ಒಂದು ಹಾಳೆ ಕೈಗೆ ಬರುತ್ತದೆ. ಮೇಲ್ಗಡೆ ಬ್ಯಾಕ್ಟೀರಿಯಾದ ಹೆಸರು, ಕೆಳಗೆ ಹದಿನೈದಿಪ್ಪತ್ತು ಔಷಧಗಳ ಪಟ್ಟಿ, ಪ್ರತಿ ಔಷಧದ ಮುಂದೆ ಒಂದೊಂದು ಇಂಗ್ಲಿಷ್ ಅಕ್ಷರ. ಎಸ್ ಅಂದರೆ ಈ ಔಷಧಕ್ಕೆ ಬ್ಯಾಕ್ಟೀರಿಯಾ ಬಗ್ಗುತ್ತದೆ, ಆರ್ ಅಂದರೆ ಬಗ್ಗುವುದಿಲ್ಲ.

ಈ ಹಾಳೆಯನ್ನು ಹೆಚ್ಚಿನವರು ಪರೀಕ್ಷೆಯ ಅಂಕಪಟ್ಟಿಯಂತೆ ನೋಡಿ ಮಡಿಸಿಡುತ್ತಾರೆ. ಆದರೆ ಆ ಒಂದೊಂದು ‘ಆರ್’ ಹಿಂದೆಯೂ ಒಂದೊಂದು ವಂಶವಾಹಿ ಇದೆ, ಆ ವಂಶವಾಹಿಗೆ ಊರು, ದೇಶ, ಪ್ರಯಾಣ ಎಲ್ಲ ಇದೆ. ನನಗೆ ಮುಖ್ಯವಾಗಿ ಕಾಣುವುದು ಇನ್ನೊಂದು ಸಂಗತಿ: ಆ ‘ಆರ್’ಗಳು ಬಿಡಿಬಿಡಿಯಾಗಿ ಬರುವುದಿಲ್ಲ, ಗುಂಪಾಗಿ ಬರುತ್ತವೆ. ಯಾಕೆ ಹಾಗೆ ಎಂಬುದು ತಿಳಿದರೆ ಇಡೀ ಸಮಸ್ಯೆಯ ಅರ್ಧ ತಿಳಿದಂತೆ.

ಹಾಳೆಯ ತಲೆಯಲ್ಲಿ ಹತ್ತಕ್ಕೆ ಏಳೆಂಟು ಸಲ ಇರುವ ಹೆಸರು ಎಶ್ಚರೀಶಿಯಾ ಕೋಲೈ, ಚಿಕ್ಕದಾಗಿ ಇ. ಕೋಲೈ. 1885ರಲ್ಲಿ ಜರ್ಮನಿಯ ಮಕ್ಕಳ ವೈದ್ಯ ಥಿಯೊಡೋರ್ ಎಶ್ಚರಿಕ್ ಶಿಶುಗಳ ಮಲದಲ್ಲಿ ಇದನ್ನು ಗುರುತಿಸಿದ. ನಮ್ಮೆಲ್ಲರ ಕರುಳಿನಲ್ಲಿಯೂ ಇರುವ ಜೀವಿ. ಅಲ್ಲಿದ್ದಷ್ಟು ಹೊತ್ತು ಉಪದ್ರವ ಇಲ್ಲ. ಇದರ ಕೆಲವು ತಳಿಗಳ ಮೈಮೇಲೆ ಸಣ್ಣ ಎಳೆಗಳಿರುತ್ತವೆ. ಆ ಎಳೆಯ ತುದಿಯ ಫಿಮ್-ಎಚ್ ಎಂಬ ಪ್ರೋಟೀನು ಮೂತ್ರಕೋಶದ ಒಳಗೋಡೆಯಲ್ಲಿರುವ ಮ್ಯಾನೋಸ್ ಸಕ್ಕರೆಯ ಅಣುವನ್ನು ಹಿಡಿದುಕೊಳ್ಳುತ್ತದೆ. ಹಾಗೆ ಹಿಡಿದುಕೊಂಡ ಬ್ಯಾಕ್ಟೀರಿಯಾ ಮೂತ್ರದ ಹರಿವಿಗೆ ಕೊಚ್ಚಿಹೋಗದು. ಹೆಂಗಸರ ಮೂತ್ರನಾಳ ಸುಮಾರು ನಾಲ್ಕು ಸೆಂಟಿಮೀಟರ್ ಮಾತ್ರ, ಮಲದ್ವಾರಕ್ಕೂ ಹತ್ತಿರ. ಹೆಂಗಸರಲ್ಲಿ ಸರಿಸುಮಾರು ಅರ್ಧದಷ್ಟು ಮಂದಿಗೆ ಜೀವಮಾನದಲ್ಲಿ ಒಮ್ಮೆಯಾದರೂ ಈ ಸೋಂಕು ಬರುವುದಕ್ಕೆ ಅದೇ ಮುಖ್ಯ ಕಾರಣ. ಶುಚಿತ್ವದ ಕೊರತೆ ಎಂದು ಅತ್ತೆಯಂದಿರು ಸೊಸೆಯಂದಿರನ್ನು ಬೈಯುವುದರಲ್ಲಿ ಹುರುಳು ಕಡಿಮೆ. ಹೊಲದಲ್ಲಿ, ಕಬ್ಬಿನ ಗ್ಯಾಂಗಿನಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ತಾಸುಗಟ್ಟಲೆ ಮೂತ್ರ ಕಟ್ಟಿಕೊಂಡು, ಅದಕ್ಕೆಂದೇ ನೀರು ಕುಡಿಯದೆ ದಿನ ದೂಡಬೇಕಾದ ಪರಿಸ್ಥಿತಿಯನ್ನು ಬೈಯಬೇಕು.

ಬ್ಯಾಕ್ಟೀರಿಯಾ ಔಷಧಕ್ಕೆ ಬಗ್ಗದಂತಾಗಲು ದಾರಿ ಎರಡು. ಮೊದಲನೆಯದು ಸ್ವಂತ ವಂಶವಾಹಿಯಲ್ಲಿ ಆಗುವ ಬದಲಾವಣೆ, ರೂಪಾಂತರ. ಇ. ಕೋಲೈ ಒಳ್ಳೆಯ ಆಹಾರ ಸಿಕ್ಕರೆ 20 ನಿಮಿಷಕ್ಕೊಮ್ಮೆ ಇಬ್ಭಾಗವಾಗುತ್ತದೆ. ಪ್ರತಿ ಸಲವೂ ಸುಮಾರು 46 ಲಕ್ಷ ಅಕ್ಷರಗಳ ಡಿಎನ್‌ಎಯನ್ನು ನಕಲು ಮಾಡಬೇಕು; ನಕಲಿನಲ್ಲಿ ಆಗೊಮ್ಮೆ ಈಗೊಮ್ಮೆ ತಪ್ಪಾಗುತ್ತದೆ. ಒಂದು ನಿರ್ದಿಷ್ಟ ಔಷಧದಿಂದ ಪಾರಾಗಿಸುವಂಥ ತಪ್ಪು ಹತ್ತು ಕೋಟಿಗೋ ನೂರು ಕೋಟಿಗೋ ಒಂದು. ಅಪರೂಪ ಎನಿಸಬಹುದು. ಆದರೆ ಲ್ಯಾಬು ಸೋಂಕು ಎಂದು ಒಪ್ಪುವ ರೂಢಿಯ ಮಟ್ಟವೇ ಮಿಲಿಲೀಟರಿಗೆ 1 ಲಕ್ಷ ಬ್ಯಾಕ್ಟೀರಿಯಾ. 300 ಮಿಲಿಲೀಟರ್ ಮೂತ್ರವಿದ್ದ ಕೋಶದಲ್ಲಿ ಅದು 3 ಕೋಟಿಯಾಯಿತು. ಸೋಂಕು ಬಲವಾಗಿದ್ದಾಗ ಅದರ ನೂರು ಪಟ್ಟು ಇರುವುದೂ ಉಂಟು. ಅಷ್ಟರಲ್ಲಿ ಒಂದಾದರೂ ಪಾರಾಗಬಲ್ಲದ್ದು ಇದ್ದೇ ಇರುತ್ತದೆ.

ಔಷಧ ಕೊಟ್ಟದ್ದರಿಂದಲೇ ಬ್ಯಾಕ್ಟೀರಿಯಾ ಹೀಗೆ ಬದಲಾಯಿತು ಎಂದು ಬಹಳ ಜನ ತಿಳಿದಿದ್ದಾರೆ, ಕೆಲವು ಡಾಕ್ಟರರೂ ಹಾಗೆಯೇ ಹೇಳುತ್ತಾರೆ. ಅದು ಸರಿಯಲ್ಲವೆಂದು ಜೋಶುವಾ ಮತ್ತು ಎಸ್ತರ್ ಲೆಡರ್‌ಬರ್ಗ್ ದಂಪತಿ 1952ರಲ್ಲಿ ಒಂದು ತುಂಡು ಮಖಮಲ್ಲಿನಿಂದ ತೋರಿಸಿಕೊಟ್ಟರು. ತಟ್ಟೆಯಲ್ಲಿ ಬೆಳೆದ ಬ್ಯಾಕ್ಟೀರಿಯಾ ವಸಾಹತುಗಳ ಮೇಲೆ ಬಟ್ಟೆ ಒತ್ತಿ, ಅದೇ ಗುರುತುಗಳನ್ನು ಔಷಧವಿದ್ದ ತಟ್ಟೆಗೆ ಒತ್ತಿದರು. ಉಳಿದುಕೊಂಡವು ಯಾವ ಜಾಗದಿಂದ ಬಂದವು ಎಂದು ಮೂಲ ತಟ್ಟೆಯಲ್ಲಿ ಹುಡುಕಿದರೆ, ಔಷಧದ ಸೋಂಕೇ ಇಲ್ಲದ ಆ ಜಾಗದ ವಸಾಹತೂ ಔಷಧಕ್ಕೆ ಬಗ್ಗದಂಥದ್ದೇ ಆಗಿತ್ತು. ಔಷಧ ಅದನ್ನು ಹುಟ್ಟಿಸಿರಲಿಲ್ಲ. ಉಳಿದವನ್ನೆಲ್ಲ ಕೊಂದು ಅದಕ್ಕೆ ಜಾಗ ಬಿಟ್ಟುಕೊಟ್ಟಿತ್ತು.

ಎರಡನೆಯ ದಾರಿ ಎರವಲು. ಇದು ಇನ್ನೂ ವಿಚಿತ್ರ. 1950ರ ದಶಕದ ಜಪಾನಿನಲ್ಲಿ ಆಮಶಂಕೆ ತರುವ ಶಿಗೆಲ್ಲ ಬ್ಯಾಕ್ಟೀರಿಯಾ ಏಕಕಾಲಕ್ಕೆ ನಾಲ್ಕು ಔಷಧಗಳಿಗೆ ಬಗ್ಗದಂತಾಯಿತು. ರೂಪಾಂತರದ ಲೆಕ್ಕದಲ್ಲಿ ಅದು ಸಾಧ್ಯವೇ ಇರಲಿಲ್ಲ; ಒಂದೊಂದು ತಪ್ಪೂ ಹತ್ತು ಕೋಟಿಗೊಂದು ಎಂದರೆ ನಾಲ್ಕು ತಪ್ಪು ಒಟ್ಟಿಗೆ ಬೀಳುವುದೆಂತು? 1959ರಲ್ಲಿ ಅಲ್ಲಿನ ವಿಜ್ಞಾನಿಗಳು, ಶಿಗೆಲ್ಲ ಈ ನಾಲ್ಕೂ ಗುಣಗಳನ್ನು ಪಕ್ಕದಲ್ಲಿದ್ದ ಇ. ಕೋಲೈಗೆ ಒಂದೇ ಏಟಿಗೆ ದಾಟಿಸಬಲ್ಲದು ಎಂದು ಕಂಡುಕೊಂಡರು. ದಾಟಿಸುವ ವಸ್ತುವಿಗೆ ಪ್ಲಾಸ್ಮಿಡ್ ಎಂದು ಹೆಸರು. ಬ್ಯಾಕ್ಟೀರಿಯಾದ ಮುಖ್ಯ ಡಿಎನ್‌ಎಯ ಹೊರಗೆ ಬೇರೆಯಾಗಿರುವ ಸಣ್ಣ ಡಿಎನ್‌ಎ ಬಳೆ ಅದು. ಎರಡು ಬ್ಯಾಕ್ಟೀರಿಯಾ ತಾಗಿದಾಗ ಒಂದು ತನ್ನ ಬಳೆಯ ಪ್ರತಿಯನ್ನು ಇನ್ನೊಂದಕ್ಕೆ ಕೊಡುತ್ತದೆ, ತನ್ನದನ್ನೂ ಇಟ್ಟುಕೊಳ್ಳುತ್ತದೆ. ಕೊಡುವುದಕ್ಕೆ ಒಂದೇ ಜಾತಿಯಾಗಿರಬೇಕೆಂದೂ ಇಲ್ಲ. ನಮ್ಮ ಕಡೆ ಊರಿಗೆ ಹೊರಟವರು ಕಟ್ಟಿಕೊಳ್ಳುವ ಬುತ್ತಿ ನೆನಪಾಗುತ್ತದೆ: ರೊಟ್ಟಿ, ಶೇಂಗಾ ಚಟ್ನಿ, ಮೊಸರು, ಉಳ್ಳಾಗಡ್ಡಿ ಎಲ್ಲ ಒಂದೇ ಗಂಟಿನಲ್ಲಿ, ರೈಲಿನಲ್ಲಿ ಎದುರಿಗೆ ಕೂತ ಅಪರಿಚಿತರಿಗೂ ಅದರಲ್ಲಿ ಪಾಲು. ವ್ಯತ್ಯಾಸವೇನೆಂದರೆ ಬ್ಯಾಕ್ಟೀರಿಯಾದ ಬುತ್ತಿ ಹಂಚಿದಷ್ಟೂ ಕಡಿಮೆಯಾಗುವುದಿಲ್ಲ.

ಈ ಎರಡು ದಾರಿಗಳ ನಡುವಿನ ಅಂತರ ಎಷ್ಟು ದೊಡ್ಡದು ಎಂದು ತಿಳಿಯಲು ಸಾಂಗ್ಲಿಗೂ ಮಿರಜಿಗೂ ನಡುವೆ ಇರುವ ವಾನ್ಲೆಸ್‌ವಾಡಿಯನ್ನು ನೆನೆಯಬೇಕು. ಆ ಊರಿಗೆ ಹೆಸರು ಬಂದದ್ದು ಅಲ್ಲಿದ್ದ ಕ್ಷಯರೋಗದ ಆರೋಗ್ಯಧಾಮದಿಂದ. ಕ್ಷಯದ ಬ್ಯಾಕ್ಟೀರಿಯಾಕ್ಕೆ ಎರವಲಿನ ಅಭ್ಯಾಸ ಇಲ್ಲ; ಅದಕ್ಕೆ ಸಿಗುವ ಪ್ರತಿರೋಧವೆಲ್ಲ ಸ್ವಂತ ರೂಪಾಂತರದಿಂದಲೇ. ಬ್ರಿಟನ್ನಿನಲ್ಲಿ 1948ರಲ್ಲಿ ಪ್ರಕಟವಾದ ಸ್ಟ್ರೆಪ್ಟೊಮೈಸಿನ್ ಪ್ರಯೋಗದಲ್ಲಿ ಒಂದೇ ಔಷಧ ಕೊಟ್ಟ ರೋಗಿಗಳು ಮೊದಲು ಚೇತರಿಸಿಕೊಂಡರೂ ಕೆಲವೇ ತಿಂಗಳಲ್ಲಿ ಹೆಚ್ಚಿನವರ ಬ್ಯಾಕ್ಟೀರಿಯಾ ಆ ಔಷಧಕ್ಕೆ ಬಗ್ಗದಂತಾಗಿತ್ತು. ಎರಡು ಮೂರು ಔಷಧ ಒಟ್ಟಿಗೆ ಕೊಟ್ಟಾಗ ಸಮಸ್ಯೆ ಹತೋಟಿಗೆ ಬಂತು, ಏಕೆಂದರೆ ಮೂರು ತಪ್ಪು ಒಂದೇ ಜೀವಿಯಲ್ಲಿ ಒಟ್ಟಿಗೆ ಬೀಳುವುದಿಲ್ಲ. ಕ್ಷಯದಲ್ಲಿ ಗೆದ್ದುಕೊಟ್ಟ ಈ ಲೆಕ್ಕಾಚಾರವನ್ನು ಪ್ಲಾಸ್ಮಿಡ್ ಹೊತ್ತ ಇ. ಕೋಲೈ ಬುಡಮೇಲು ಮಾಡುತ್ತದೆ. ಅದಕ್ಕೆ ಐದಾರು ಔಷಧಗಳ ಉತ್ತರ ಒಂದೇ ಗಂಟಿನಲ್ಲಿ ಸಿಗುತ್ತದೆ.

ಇನ್ನು ಹಾಳೆಯನ್ನು ಸಾಲುಸಾಲಾಗಿ ಓದೋಣ.

ಆ್ಯಂಪಿಸಿಲಿನ್, ಆರ್. ಇದು ಹಳೆಯ ಕಥೆ. ಪೆನಿಸಿಲಿನ್ ವಂಶದ ಔಷಧಗಳ ತಿರುಳು ಬೀಟಾ-ಲ್ಯಾಕ್ಟಂ ಎಂಬ ನಾಲ್ಕು ಪರಮಾಣುಗಳ ಉಂಗುರ. ಅದನ್ನು ಕತ್ತರಿಸುವ ಕಿಣ್ವವಿದ್ದರೆ ಔಷಧ ನಿಷ್ಪ್ರಯೋಜಕ. ಪೆನಿಸಿಲಿನ್ ರೋಗಿಗಳಿಗೆ ವ್ಯಾಪಕವಾಗಿ ಸಿಗುವ ಮೊದಲೇ, 1940ರಲ್ಲಿ, ಅಬ್ರಹಾಂ ಮತ್ತು ಚೇನ್ ಇಂಥ ಕಿಣ್ವವನ್ನು ವರದಿ ಮಾಡಿದ್ದರು. ಟೆಮ್-1 ಎಂಬ ಕಿಣ್ವ 1960ರ ದಶಕದ ಆರಂಭದಲ್ಲಿ ಅಥೆನ್ಸಿನ ಒಬ್ಬ ರೋಗಿಯ ಇ. ಕೋಲೈಯಲ್ಲಿ ಸಿಕ್ಕಿತು. ಈಗ ಅದು ಇಲ್ಲದ ಊರಿಲ್ಲ.

ಸೆಫಿಕ್ಸಿಮ್, ಸೆಫೊಟ್ಯಾಕ್ಸಿಮ್, ಸೆಫ್ಟ್ರಿಯಾಕ್ಸೋನ್, ಮೂರಕ್ಕೂ ಆರ್. ಇವು ಮೂರನೆಯ ತಲೆಮಾರಿನ ಸೆಫಲೊಸ್ಪೊರಿನ್‌ಗಳು. ಟೆಮ್-1 ಮುಟ್ಟಲಾರದಂತೆ ರೂಪಿಸಿದ ಔಷಧಗಳು. ಇವನ್ನು ಕತ್ತರಿಸುವ ಕಿಣ್ವಗಳ ಕುಟುಂಬಕ್ಕೆ ಸಿಟಿಎಕ್ಸ್-ಎಂ ಎಂದು ಹೆಸರು; ಕೊನೆಯ ಎಂ ಎಂದರೆ ಮ್ಯೂನಿಕ್. ಇದರ ವಂಶವಾಹಿ ಮೂಲತಃ ಇ. ಕೋಲೈಯದ್ದಲ್ಲ. ಕ್ಲೈವೆರಾ ಎಂಬ, ಮನುಷ್ಯರಿಗೆ ಅಪರೂಪಕ್ಕೆ ಮಾತ್ರ ಕಾಯಿಲೆ ತರುವ ಪರಿಸರದ ಬ್ಯಾಕ್ಟೀರಿಯಾದ ಮುಖ್ಯ ಡಿಎನ್‌ಎಯಲ್ಲಿ ಅದು ಸದ್ದಿಲ್ಲದೆ ಕೂತಿತ್ತು. ಡಿಎನ್‌ಎಯಲ್ಲಿ ಒಂದೆಡೆಯಿಂದ ಇನ್ನೊಂದೆಡೆಗೆ ನೆಗೆಯುವ ತುಣುಕೊಂದು ಅದನ್ನು ಕಿತ್ತು ಪ್ಲಾಸ್ಮಿಡ್‌ಗೆ ತಂದಿತು. ತಂದದ್ದಷ್ಟೇ ಅಲ್ಲ, ವಂಶವಾಹಿ ಜೋರಾಗಿ ಕೆಲಸ ಮಾಡುವಂತೆ ಚಾಲನೆ ಕೊಡುವ ಅಕ್ಷರಗಳನ್ನೂ ಜೊತೆಗೆ ಒದಗಿಸಿತು. ಈ ಕುಟುಂಬದ 15ನೆಯ ಸದಸ್ಯ, ಸಿಟಿಎಕ್ಸ್-ಎಂ-15, ನಮ್ಮವನೇ: 1999ರಲ್ಲಿ ದೆಹಲಿಯ ಆಸ್ಪತ್ರೆಯೊಂದರ ರೋಗಿಗಳಿಂದ ಪಡೆದ ಬ್ಯಾಕ್ಟೀರಿಯಾದಲ್ಲಿ ಗುರುತಿಸಿ 2001ರಲ್ಲಿ ವರದಿ ಮಾಡಿದ್ದು. ಹತ್ತಿರದ ಬಂಧುವಾದ ಸಿಟಿಎಕ್ಸ್-ಎಂ-3ಕ್ಕೂ ಇದಕ್ಕೂ ಒಂದೇ ಒಂದು ಅಮೈನೊ ಆಮ್ಲದ ವ್ಯತ್ಯಾಸ. 240ನೆಯ ಸ್ಥಾನದಲ್ಲಿ ಆಸ್ಪಾರ್ಟಿಕ್ ಆಮ್ಲದ ಜಾಗದಲ್ಲಿ ಗ್ಲೈಸೀನ್. ಅಷ್ಟರಿಂದ ಅದು ಸೆಫ್ಟಾಜಿಡಿಮ್ ಎಂಬ ಇನ್ನೊಂದು ಔಷಧವನ್ನೂ ಜೀರ್ಣಿಸಿಕೊಳ್ಳುವಂತಾಯಿತು. ರಿಪೋರ್ಟಿನಲ್ಲಿ ಕೆಲವೊಮ್ಮೆ ‘ಇಎಸ್‌ಬಿಎಲ್ ಪಾಸಿಟಿವ್’ ಎಂದು ಕೆಂಪು ಶಾಯಿಯ ಮೊಹರು ಬಿದ್ದಿರುತ್ತದಲ್ಲ, ಅದರ ಹಿಂದೆ ಬಹುತೇಕ ಇದೇ ಇರುತ್ತದೆ.

ಸಿಪ್ರೊಫ್ಲಾಕ್ಸಸಿನ್, ನಾರ್‌ಫ್ಲಾಕ್ಸಸಿನ್, ಒಫ್ಲಾಕ್ಸಸಿನ್, ಆರ್. ಇಪ್ಪತ್ತು ವರ್ಷದ ಹಿಂದೆ ಉರಿಮೂತ್ರಕ್ಕೆ ಮನೆಮಾತಾಗಿದ್ದ ಗುಳಿಗೆಗಳಿವು. ಡಿಎನ್‌ಎ ನಕಲಾಗುವಾಗ ಬೀಳುವ ಬಿಗಿಸುರುಳಿಯನ್ನು ಬಿಡಿಸುವ ಜೈರೇಸ್ ಎಂಬ ಕಿಣ್ವವನ್ನು ಇವು ಹಿಡಿಯುತ್ತವೆ. ಇಲ್ಲಿ ಪ್ರತಿರೋಧ ಮುಖ್ಯವಾಗಿ ರೂಪಾಂತರದ್ದು. ಜೈರೇಸಿನ 83ನೆಯ ಸ್ಥಾನದಲ್ಲಿ ಸೆರೀನ್ ಹೋಗಿ ಲ್ಯೂಸೀನ್ ಬಂದರೆ ಔಷಧದ ಹಿಡಿತ ಸಡಿಲುತ್ತದೆ. 87ನೆಯ ಸ್ಥಾನವೂ ಬದಲಾಗಿ, ಅದರ ಜೊತೆಗಾರ ಕಿಣ್ವದ 80ನೆಯ ಸ್ಥಾನವೂ ಬದಲಾದರೆ ಎಷ್ಟು ಗುಳಿಗೆ ನುಂಗಿದರೂ ಪ್ರಯೋಜನವಿಲ್ಲ. ಒಂದೊಂದೇ ಮೆಟ್ಟಿಲು. ಅರ್ಧಂಬರ್ಧ ಡೋಸು, ಮೂರು ದಿನ ತಿಂದು ಬಿಟ್ಟು ಮತ್ತೆ ಮುಂದಿನ ತಿಂಗಳು ಎರಡು ದಿನ, ಇವೆಲ್ಲ ಮೊದಲ ಮೆಟ್ಟಿಲು ಹತ್ತಿದವಕ್ಕೆ ಎರಡನೆಯದನ್ನು ಹತ್ತಲು ಕಾಲಾವಕಾಶ ಕೊಟ್ಟವು.

ಇದರಲ್ಲೂ ಎರವಲಿನ ಪಾಲು ಇದೆ, ಅದು ನನಗೆ ಈ ಇಡೀ ವಿಷಯದಲ್ಲೇ ಅತಿ ಕುತೂಹಲದ್ದು. ಅಮಿಕಾಸಿನ್ ಗುಂಪಿನ ಚುಚ್ಚುಮದ್ದುಗಳಿಗೆ ಅಸಿಟೈಲ್ ಗುಂಪು ಅಂಟಿಸಿ ಕೆಡಿಸುವ ಒಂದು ಕಿಣ್ವ ಮೊದಲಿಂದಲೂ ಪ್ಲಾಸ್ಮಿಡ್‌ಗಳಲ್ಲಿತ್ತು. ಅದರಲ್ಲಿ ಎರಡು ಅಮೈನೊ ಆಮ್ಲ ಬದಲಾಗಿ, ಅದೇ ಕಿಣ್ವ ಸಿಪ್ರೊಫ್ಲಾಕ್ಸಸಿನ್‌ಗೂ ಅದೇ ಗುಂಪು ಅಂಟಿಸತೊಡಗಿತು. 2006ರಲ್ಲಿ ಇದು ಬೆಳಕಿಗೆ ಬಂತು. ಸಿಪ್ರೊಫ್ಲಾಕ್ಸಸಿನ್ ಪೂರ್ತಿ ಮನುಷ್ಯ ನಿರ್ಮಿತ. ಮಣ್ಣಿನಲ್ಲಿ ಯಾವ ಜೀವಿಯೂ ಅದನ್ನು ತಯಾರಿಸುವುದಿಲ್ಲ. ಹಾಗಾಗಿ ಅದನ್ನು ಕೆಡಿಸುವ ಕಿಣ್ವ ಪ್ರಕೃತಿಯಲ್ಲಿ ಸಿಗುವ ಸಂಭವ ಕಡಿಮೆ ಎಂದು ಭಾವಿಸಲಾಗಿತ್ತು.

ಕೋ-ಟ್ರೈಮಾಕ್ಸಜೋಲ್, ಆರ್. ಟ್ರೈಮೆಥೊಪ್ರಿಮ್ ಮತ್ತು ಒಂದು ಸಲ್ಫಾ, ಹೀಗೆ ಎರಡು ಔಷಧಗಳ ಜೋಡಿಯಿದು. ಎರಡಕ್ಕೂ ಬೇರೆ ಬೇರೆ ಎರವಲು ವಂಶವಾಹಿಗಳು ಬೇಕು, ಆದರೆ ಆ ಎರಡೂ ಹೆಚ್ಚಾಗಿ ಅಕ್ಕಪಕ್ಕದಲ್ಲೇ ಇರುತ್ತವೆ. ಅವನ್ನು ಸಾಲಾಗಿ ಜೋಡಿಸುವ ವ್ಯವಸ್ಥೆಗೆ ಇಂಟೆಗ್ರಾನ್ ಎನ್ನುತ್ತಾರೆ. ಬಿಡಿ ವಂಶವಾಹಿಗಳನ್ನು ಹಿಡಿದು ತನ್ನೊಳಗೆ ಒಂದರ ಹಿಂದೊಂದು ಸೇರಿಸಿಕೊಳ್ಳುವ ಕಿಣ್ವ ಅದಕ್ಕಿದೆ. ಸಾಮಾನ್ಯವಾದ ಒಂದು ಇಂಟೆಗ್ರಾನಿನಲ್ಲಿ ಟ್ರೈಮೆಥೊಪ್ರಿಮ್‌ನಿಂದ ಪಾರಾಗಿಸುವ ವಂಶವಾಹಿ, ಆಮೇಲೆ ಸ್ಟ್ರೆಪ್ಟೊಮೈಸಿನ್‌ನದು, ಆಮೇಲೆ ಆಸ್ಪತ್ರೆಯ ನೆಲ ಒರೆಸುವ ಕೆಲವು ಸೋಂಕುನಾಶಕಗಳನ್ನು ಒಂದಿಷ್ಟು ತಡೆದುಕೊಳ್ಳಲು ನೆರವಾಗುವ ಮುರುಕು ವಂಶವಾಹಿ, ಕೊನೆಗೆ ಸಲ್ಫಾ ಔಷಧದ್ದು. ಫಿನಾಯಿಲ್ ವಾಸನೆಯ ವಾರ್ಡಿನಲ್ಲಿ ಇದನ್ನು ನೆನೆದುಕೊಂಡರೆ ಸ್ವಲ್ಪ ಕಸಿವಿಸಿಯಾಗುತ್ತದೆ.

ಈಗ ಈ ಸಾಲುಗಳನ್ನು ಕೂಡಿಸಿ ನೋಡಿ. 2008ರಲ್ಲಿ ಎಸ್‌ಟಿ131 ಎಂಬ ಇ. ಕೋಲೈ ತಳಿ ಮೂರು ಖಂಡಗಳಲ್ಲಿ ಏಕಕಾಲಕ್ಕೆ ಹರಡಿದ್ದು ಗೊತ್ತಾಯಿತು. ಮೂತ್ರದ ಸೋಂಕಿನಲ್ಲಿ ಜಗತ್ತಿನಾದ್ಯಂತ ಇದರದೇ ಕಾರುಬಾರು. ಅದರ ಮುಖ್ಯ ಡಿಎನ್‌ಎಯಲ್ಲಿ ಸಿಪ್ರೊಫ್ಲಾಕ್ಸಸಿನ್‌ಗೆ ಬೇಕಾದ ರೂಪಾಂತರಗಳೆಲ್ಲ ಆಗಿವೆ. ಅದು ಸಾಮಾನ್ಯವಾಗಿ ಹೊರುವ ಪ್ಲಾಸ್ಮಿಡ್‌ನಲ್ಲಿ ಸಿಟಿಎಕ್ಸ್-ಎಂ-15, ಆಗ ಹೇಳಿದ ಎರಡು ಬಗೆಯ ಔಷಧ ಕೆಡಿಸುವ ಕಿಣ್ವ, ಟೆಟ್ರಾಸೈಕ್ಲಿನ್ ಹೊರದೂಡುವ ಪಂಪು, ಜೆಂಟಾಮೈಸಿನ್ ಕೆಡಿಸುವ ಕಿಣ್ವ, ಜೊತೆಗೆ ಇಂಟೆಗ್ರಾನ್. ಬುತ್ತಿಯಲ್ಲಿರುವ ಒಂದು ತಿನಿಸು ಬೇಕಾದರೂ ಇಡೀ ಗಂಟನ್ನೇ ಹೊತ್ತುಕೊಳ್ಳಬೇಕು. ನೆಗಡಿಗೆಂದು ಅನಗತ್ಯವಾಗಿ ಸೆಫಿಕ್ಸಿಮ್ ನುಂಗಿದ ಮನುಷ್ಯನ ಕರುಳಿನಲ್ಲಿ ಈ ಗಂಟು ಹೊತ್ತವೇ ಉಳಿಯುತ್ತವೆ; ಸೆಫಿಕ್ಸಿಮ್‌ಗೆ ಮಾತ್ರವಲ್ಲ, ಆತ ಜನ್ಮದಲ್ಲಿ ತೆಗೆದುಕೊಳ್ಳದ ಜೆಂಟಾಮೈಸಿನ್‌ಗೂ ಅವು ಬಗ್ಗುವುದಿಲ್ಲ. ‘ನಾವು ಆ ಔಷಧ ತಗೊಂಡೇ ಇಲ್ಲಲ್ರಿ, ಅದಕ್ಯಾಕ ಆರ್ ಬಂತು?’ ಎಂದು ರೋಗಿಗಳು ಕೇಳುವ ಪ್ರಶ್ನೆಗೆ ಉತ್ತರ ಇಲ್ಲಿದೆ.

ಇನ್ನೊಂದು ಕಹಿ ಸತ್ಯವೂ ಇಲ್ಲೇ ಇದೆ. ಒಂದು ಔಷಧ ಬಳಸುವುದನ್ನು ನಿಲ್ಲಿಸಿದರೆ ಅದರ ಪ್ರತಿರೋಧ ತಾನಾಗಿ ಇಳಿದೀತು ಎಂಬ ಆಸೆ ಎಲ್ಲರಿಗೂ ಇತ್ತು. ಬ್ರಿಟನ್ನಿನಲ್ಲಿ 1990ರ ದಶಕದಲ್ಲಿ ಸಲ್ಫಾ ಔಷಧ ಬರೆಯುವುದು ಶೇ 97ರಷ್ಟು ಕುಸಿಯಿತು. ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಸಲ್ಫಾಕ್ಕೆ ಬಗ್ಗದ ಇ. ಕೋಲೈ 1991ರಲ್ಲಿ ಶೇ 39.7 ಇದ್ದದ್ದು 1999ರಲ್ಲಿ ಶೇ 46 ಆಗಿತ್ತು. ಇಳಿಯುವುದು ಹೋಗಲಿ, ಏರಿತ್ತು. ಸ್ವೀಡನ್ನಿನ ಕ್ರೊನೊಬೆರಿ ಪ್ರಾಂತ್ಯದಲ್ಲಿ ಎರಡು ವರ್ಷ ಟ್ರೈಮೆಥೊಪ್ರಿಮ್ ಬಳಕೆಯನ್ನು ಶೇ 85ರಷ್ಟು ತಗ್ಗಿಸಿದರು. ಪರಿಣಾಮ ಹೇಳಿಕೊಳ್ಳುವಂತೇನೂ ಇರಲಿಲ್ಲ. ಗಂಟಿನಲ್ಲಿರುವ ಬೇರೆ ಬೇರೆ ವಂಶವಾಹಿಗಳಿಗೆ ಇನ್ನೂ ಬೇಡಿಕೆ ಇರುವ ತನಕ ಸಲ್ಫಾದ್ದೂ ಅದರೊಳಗೇ ಸುಖವಾಗಿರುತ್ತದೆ.

ಹಾಳೆಯ ಕೆಳಭಾಗದ ಮೆರೊಪೆನೆಮ್, ಇಮಿಪೆನೆಮ್ ಸಾಲುಗಳಿಗೆ ಬರೋಣ. ಇವು ಕಾರ್ಬಪೆನೆಮ್‌ಗಳು, ರಕ್ತನಾಳಕ್ಕೇ ಹನಿಸುವ ಮದ್ದುಗಳು. ಇಲ್ಲಿ ಆರ್ ಕಂಡರೆ ಡಾಕ್ಟರ ಮುಖ ಬದಲಾಗುತ್ತದೆ. 2008ರ ಜನವರಿಯಲ್ಲಿ, ದೆಹಲಿಯಲ್ಲಿ ಆಸ್ಪತ್ರೆ ಸೇರಿ ಮರಳಿದ್ದ ಭಾರತ ಮೂಲದ ಸ್ವೀಡನ್ ಪ್ರಜೆಯೊಬ್ಬರ ಮೂತ್ರದಲ್ಲಿ ಸಿಕ್ಕ ಕ್ಲೆಬ್ಸಿಯೆಲ್ಲ ಬ್ಯಾಕ್ಟೀರಿಯಾದಲ್ಲಿ ಸತುವನ್ನು ಬಳಸಿ ಕಾರ್ಬಪೆನೆಮ್ ಕತ್ತರಿಸುವ ಹೊಸ ಕಿಣ್ವ ಪತ್ತೆಯಾಯಿತು. ಅದನ್ನು ಎನ್‌ಡಿಎಂ-1 ಎಂದು ಕರೆದರು. ಎನ್‌ಡಿ ಎಂದರೆ ನ್ಯೂ ಡೆಲ್ಲಿ. 2010ರಲ್ಲಿ ಲ್ಯಾನ್ಸೆಟ್ ಬಳಗದ ಪತ್ರಿಕೆಯೊಂದರಲ್ಲಿ ಇದು ಭಾರತ, ಪಾಕಿಸ್ತಾನ, ಬ್ರಿಟನ್ನಿನಲ್ಲಿ ಹರಡಿರುವ ವರದಿ ಬಂದಾಗ ದೆಹಲಿಯಲ್ಲಿ ದೊಡ್ಡ ಗದ್ದಲ. ವೈದ್ಯಕೀಯ ಪ್ರವಾಸೋದ್ಯಮಕ್ಕೆ ಮಸಿ ಬಳಿಯುವ ಹುನ್ನಾರ ಎಂದು ಸಂಸದರು ಕೂಗಾಡಿದರು. ಊರಿನ ಹೆಸರಿಟ್ಟದ್ದು ಸರಿಯೇ ಎಂಬ ಪ್ರಶ್ನೆಯಲ್ಲಿ ತಿರುಳಿತ್ತು. ಆದರೆ ಆ ಜಗಳದಲ್ಲಿ ವಂಶವಾಹಿಯ ಬಗ್ಗೆ ಮಾತಾಡುವುದೇ ಹಿಂದೆ ಬಿತ್ತು. ಮರುವರ್ಷ ದೆಹಲಿಯ ರಸ್ತೆಬದಿಯ ನಿಂತ ನೀರಿನ 171 ಮಾದರಿಗಳಲ್ಲಿ 51ರಲ್ಲಿ, ನಲ್ಲಿನೀರಿನ 50ರಲ್ಲಿ 2ರಲ್ಲಿ ಆ ವಂಶವಾಹಿ ಸಿಕ್ಕಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಜಾಲದಲ್ಲಿರುವ ದೊಡ್ಡ ಆಸ್ಪತ್ರೆಗಳಲ್ಲಿ ಇಮಿಪೆನೆಮ್‌ಗೆ ಬಗ್ಗದ ಇ. ಕೋಲೈ 2016ರಲ್ಲಿ ಶೇ 14 ಇದ್ದದ್ದು 2021ಕ್ಕೆ ಶೇ 36 ಆಯಿತು. ದೊಡ್ಡಾಸ್ಪತ್ರೆಗೆ ಬರುವವರೇ ಜಟಿಲ ರೋಗಿಗಳು, ಊರಿನ ಎಲ್ಲ ಉರಿಮೂತ್ರಕ್ಕೂ ಈ ಅಂಕಿ ಹೊಂದುವುದಿಲ್ಲ. ಆದರೂ ಏರಿಕೆಯ ದಿಕ್ಕು ಸ್ಪಷ್ಟ.

ಸಾಂಗ್ಲಿ ಜಿಲ್ಲೆಗೇ ಸಲ್ಲುವ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಆಟಪಾಡಿ, ಜತ್ತ ದಾಳಿಂಬೆಯ ಸೀಮೆ. ಆಚೆ ಸಾಂಗೋಲೆ, ಈಚೆ ನಮ್ಮ ವಿಜಯಪುರವೂ ಅಷ್ಟೆ. ದಾಳಿಂಬೆಗೆ ಬರುವ ದುಂಡಾಣು ಅಂಗಮಾರಿ, ಮರಾಠಿ ರೈತರು ‘ತೇಲ್ಯಾ’ ಎನ್ನುವ ರೋಗ, ಹಣ್ಣಿನ ಮೇಲೆ ಎಣ್ಣೆ ಚುಕ್ಕೆ ಎಬ್ಬಿಸಿ ಸಿಪ್ಪೆ ಸೀಳಿಸಿ ಇಡೀ ತೋಟವನ್ನು ಮುಗಿಸುತ್ತದೆ. ಅದಕ್ಕೆ ವರ್ಷಗಟ್ಟಲೆ ಸಿಂಪಡಿಸಿದ್ದು ಸ್ಟ್ರೆಪ್ಟೊಸೈಕ್ಲಿನ್: ಹತ್ತರಲ್ಲಿ ಒಂಬತ್ತು ಪಾಲು ಸ್ಟ್ರೆಪ್ಟೊಮೈಸಿನ್, ಒಂದು ಪಾಲು ಟೆಟ್ರಾಸೈಕ್ಲಿನ್. ಸ್ಟ್ರೆಪ್ಟೊಮೈಸಿನ್‌ನಿಂದ ಪಾರಾಗಿಸುವ ಒಂದು ಜೋಡಿ ವಂಶವಾಹಿ ಅಮೆರಿಕದ ಸೇಬು ತೋಟಗಳ ರೋಗಾಣುವಿನಲ್ಲೂ ಮನುಷ್ಯರ ಮೂತ್ರದ ಇ. ಕೋಲೈಯಲ್ಲೂ ಸಿಗುತ್ತದೆ, ಅದೂ ಸಲ್ಫಾ ವಂಶವಾಹಿಯ ಮಗ್ಗುಲಲ್ಲೇ. ಉರಿಮೂತ್ರಕ್ಕೆ ಇಂದು ಯಾರೂ ಸ್ಟ್ರೆಪ್ಟೊಮೈಸಿನ್ ಬರೆಯುವುದಿಲ್ಲ. ಹಾಗೆಂದು ತೋಟದ ಸಿಂಪಡಣೆ ನಿರುಪದ್ರವಿ ಎನ್ನುವಂತಿಲ್ಲ. ಮಣ್ಣಿನಲ್ಲಿ, ಕೊಟ್ಟಿಗೆ ಗೊಬ್ಬರದಲ್ಲಿ ಗಂಟು ಹೊತ್ತ ಬ್ಯಾಕ್ಟೀರಿಯಾ ಇದ್ದರೆ ಸಿಂಪಡಣೆ ಅವಕ್ಕೆ ಅನುಕೂಲ. ಈ ಎರಡು ಔಷಧಗಳನ್ನು ಕೃಷಿಯಿಂದ ತೆಗೆದುಹಾಕಲು ಕೇಂದ್ರ ಕೃಷಿ ಸಚಿವಾಲಯ 2021ರ ಡಿಸೆಂಬರಿನಲ್ಲಿ ಕರಡು ಆದೇಶ ಹೊರಡಿಸಿತು. ರೈತನನ್ನು ದೂರುವುದು ಸುಲಭ. ಸಾಲ ಮಾಡಿ ಹಾಕಿದ ತೋಟ ಕಣ್ಣೆದುರು ಸೀಳಿಹೋಗುವಾಗ ಕೃಷಿ ಅಂಗಡಿಯವನು ಕೊಟ್ಟ ಪುಡಿಯನ್ನು ಬೇಡ ಎನ್ನುವಷ್ಟು ಧೈರ್ಯ ಯಾರಿಗಿದೆ?

ನದಿಯೂ ಇದೆ. ಸಾಂಗ್ಲಿಯ ಶೇರಿ ನಾಲೆಯ ಕೊಳಚೆ ಕೃಷ್ಣೆಗೆ ಸೇರುವ ದೂರು ಎಷ್ಟು ಹಳೆಯದೆಂದರೆ ಅಲ್ಲಿಯವರಿಗೆ ಅದರ ಮಾತೆತ್ತಿದರೆ ನಗು ಬರುತ್ತದೆ. ಹರಿಪುರದಲ್ಲಿ ವಾರಣೆ, ನರಸೋಬಾವಾಡಿಯಲ್ಲಿ ಪಂಚಗಂಗೆ ಕೂಡಿಕೊಂಡು ಕೃಷ್ಣೆ ನಮ್ಮ ಯಡೂರು, ಉಗಾರ, ಕುಡಚಿಯ ಕಡೆ ಇಳಿಯುತ್ತಾಳೆ. 2019ರ ಆಗಸ್ಟಿನಲ್ಲಿ ಸಾಂಗ್ಲಿಯ ಇರ್ವಿನ್ ಸೇತುವೆಯ ಬಳಿ ನೀರು 57 ಅಡಿ ದಾಟಿದಾಗ ಪಟ್ಟಣದ ಚರಂಡಿಯೂ ನದಿಯೂ ಒಂದೇ ಆಗಿದ್ದವು. ಗಂಗೆಯ ಮೇಲ್ಭಾಗದಲ್ಲಿ, ಋಷಿಕೇಶ-ಹರಿದ್ವಾರದಲ್ಲಿ, ಯಾತ್ರೆಯ ತಿಂಗಳುಗಳಲ್ಲಿ ಎನ್‌ಡಿಎಂ ವಂಶವಾಹಿಯ ಪ್ರಮಾಣ ಇತರ ಕಾಲಕ್ಕಿಂತ ಸುಮಾರು 20 ಪಟ್ಟು ಹೆಚ್ಚುತ್ತದೆ ಎಂದು 2014ರ ಅಧ್ಯಯನವೊಂದು ತೋರಿಸಿತು. ನದಿಯೇನೂ ವಂಶವಾಹಿಯನ್ನು ಹುಟ್ಟಿಸುವುದಿಲ್ಲ. ಜನರ ಕರುಳಿನಲ್ಲಿದ್ದದ್ದು ಶೌಚ ವ್ಯವಸ್ಥೆಯ ಕೊರತೆಯಿಂದ ನೀರಿಗೆ ಬರುತ್ತದೆ, ನೀರಿನಿಂದ ಮತ್ತೆ ಕರುಳಿಗೆ. ಹುಣ್ಣಿಮೆಗೆ ನರಸೋಬಾವಾಡಿಯ ಘಟ್ಟದಲ್ಲಿ ಕನ್ನಡ ಮರಾಠಿಗಳೆರಡೂ ಒಟ್ಟಿಗೆ ಮುಳುಗಿ ಏಳುವಾಗ ಈ ಲೆಕ್ಕ ಯಾರಿಗೂ ಬೇಕಾಗುವುದಿಲ್ಲ, ಬೇಕಾಗಲೂಬಾರದು. ಅದು ನಗರಸಭೆಯ ಕೆಲಸ.

ಇಷ್ಟೆಲ್ಲದರ ನಡುವೆ ಹಾಳೆಯಲ್ಲಿ ಎರಡು ಸಾಲುಗಳಲ್ಲಿ ಇಂದಿಗೂ ಬಹಳ ಸಲ ಎಸ್ ಇರುತ್ತದೆ: ನೈಟ್ರೊಫ್ಯುರಾಂಟೋಯಿನ್ ಮತ್ತು ಫಾಸ್ಫೊಮೈಸಿನ್. ಮೊದಲನೆಯದು 1953ರ ಔಷಧ, ಎರಡನೆಯದು 1969ರಲ್ಲಿ ಸ್ಪೇನಿನ ಮಣ್ಣಿನಲ್ಲಿ ಸಿಕ್ಕದ್ದು. ‘ಹಳೇ ಗುಳಿಗಿ, ಪಾವರ್ ಇಲ್ಲ’ ಎಂದು ಬದಿಗೆ ಸರಿಸಿದ್ದವು ಈಗ ಸರಳ ಸೋಂಕಿಗೆ ಮೊದಲ ಆಯ್ಕೆಯಾಗಿ ಮರಳಿವೆ. ನೈಟ್ರೊಫ್ಯುರಾಂಟೋಯಿನ್ ಉಳಿದುಕೊಂಡದ್ದು ಹೇಗೆ ಎಂಬುದು ಸ್ವಾರಸ್ಯವಾಗಿದೆ. ಅದನ್ನು ವಿಷವಾಗಿಸುವುದು ಬ್ಯಾಕ್ಟೀರಿಯಾದ ಸ್ವಂತ ಕಿಣ್ವಗಳೇ. ಎನ್‌ಎಫ್‌ಎಸ್-ಎ ಮತ್ತು ಎನ್‌ಎಫ್‌ಎಸ್-ಬಿ ಎಂಬ ಎರಡು ವಂಶವಾಹಿಗಳ ಕಿಣ್ವಗಳು ಔಷಧವನ್ನು ಚುರುಕುಗೊಳಿಸುತ್ತವೆ. ಚುರುಕಾದದ್ದು ಡಿಎನ್‌ಎ, ಪ್ರೋಟೀನು ಎಲ್ಲವನ್ನೂ ಒಟ್ಟಿಗೆ ಹಾಳುಮಾಡುತ್ತದೆ. ಪಾರಾಗಬೇಕಾದರೆ ಬ್ಯಾಕ್ಟೀರಿಯಾ ತನ್ನ ಎರಡೂ ವಂಶವಾಹಿಗಳನ್ನು ಕೆಡಿಸಿಕೊಳ್ಳಬೇಕು. ಕಳೆದುಕೊಂಡದ್ದನ್ನು ಪ್ಲಾಸ್ಮಿಡ್‌ನಲ್ಲಿ ಹಂಚಲು ಬರುವುದಿಲ್ಲ, ಮೇಲಾಗಿ ಹಾಗೆ ಕೆಡಿಸಿಕೊಂಡವು ಬೆಳೆಯುವುದೂ ನಿಧಾನ. ಔಷಧ ಮೂತ್ರಕೋಶದಲ್ಲಿ ಮಾತ್ರ ಸಾಕಷ್ಟು ಸಾಂದ್ರವಾಗುತ್ತದೆ, ಆದ್ದರಿಂದ ಮೂತ್ರಪಿಂಡಕ್ಕೆ ಏರಿದ ಸೋಂಕಿಗೆ ಇದು ಉಪಯೋಗವಿಲ್ಲ. ಮೂತ್ರಪಿಂಡ ದುರ್ಬಲವಾದವರಿಗೆ, ಹೆರಿಗೆಯ ದಿನಗಳಲ್ಲಿರುವ ಬಸುರಿಯರಿಗೂ ಸಲ್ಲದು. ಹೆಸರು ಓದಿಕೊಂಡು ನೇರ ಅಂಗಡಿಗೆ ಹೋಗುವವರಿಗಾಗಿ ಇಷ್ಟು ಹೇಳಬೇಕಾಯಿತು.

ಬಸುರಿಯ ಕಷ್ಟ ಎಲ್ಲರಿಗಿಂತ ಹೆಚ್ಚು. ಸಾಮಾನ್ಯರಿಗೆ ಉರಿ, ನೋವು, ಜ್ವರ ಏನೂ ಇಲ್ಲದೆ ಮೂತ್ರದಲ್ಲಿ ಬರಿ ಬ್ಯಾಕ್ಟೀರಿಯಾ ಕಂಡರೆ ಚಿಕಿತ್ಸೆಯೇ ಬೇಡ. ವಯಸ್ಸಾದವರಲ್ಲಿ ಇದು ತೀರ ಸಾಮಾನ್ಯ, ಆದರೂ ರಿಪೋರ್ಟು ನೋಡಿ ಹೆದರಿ ಔಷಧ ಕೊಡುವುದು ನಡೆದೇ ಇದೆ. ಬಸುರಿಯರಿಗೆ ಮಾತ್ರ ಆಗಲೂ ಕೊಡಬೇಕು, ಇಲ್ಲದಿದ್ದರೆ ಸೋಂಕು ಮೂತ್ರಪಿಂಡಕ್ಕೆ ಏರೀತು. ಸಿಪ್ರೊಫ್ಲಾಕ್ಸಸಿನ್ ಬಸುರಿನಲ್ಲಿ ಕೊಡುವುದಿಲ್ಲ. ಸೆಫಲೊಸ್ಪೊರಿನ್ ಸಾಲಿನಲ್ಲಿ ಆರ್ ಬಿದ್ದರೆ ಉಳಿಯುವ ಗುಳಿಗೆಗಳೇ ಬೆರಳೆಣಿಕೆಯಷ್ಟು, ಆಮೇಲೆ ಮೆರೊಪೆನೆಮ್ ಇಂಜೆಕ್ಷನ್. ಐದಾರು ದಿನದ ಗುಳಿಗೆಯಲ್ಲಿ ಮುಗಿಯಬೇಕಾದದ್ದು ವಾರವಿಡೀ ದಿನಕ್ಕೆ ಮೂರು ಸಲದ ಸಲೈನ್ ಬಾಟಲಿಯಾಗುತ್ತದೆ. ಜತ್ತದ ಹಳ್ಳಿಯಿಂದ ಬಂದವಳ ಜೊತೆಗೆ ತಾಯಿ, ಗಂಡ. ಇಬ್ಬರ ಕೂಲಿ ಹೋಯಿತು, ಹಾಸಿಗೆಯ ಬಾಡಿಗೆ ಬೇರೆ.

ಸರ್ಕಾರ 2014ರ ಮಾರ್ಚ್‌ನಿಂದ ಎಚ್-1 ಅನುಸೂಚಿ ಜಾರಿಗೆ ತಂದಿದೆ. ಮೂರನೆಯ ತಲೆಮಾರಿನ ಸೆಫಲೊಸ್ಪೊರಿನ್, ಕಾರ್ಬಪೆನೆಮ್ ಮಾರಿದಾಗ ಅಂಗಡಿಯವನು ಡಾಕ್ಟರ ಹೆಸರು, ರೋಗಿಯ ಹೆಸರು ಬರೆದಿಡಬೇಕು. ಎಷ್ಟು ಅಂಗಡಿಗಳಲ್ಲಿ ಆ ಪುಸ್ತಕ ಕಣ್ಣಿಗೆ ಬಿದ್ದಿದೆ ಎಂದು ಓದುಗರೇ ನೆನಪಿಸಿಕೊಳ್ಳಲಿ. ಮನುಷ್ಯರಿಗೆ ಕೊನೆಯ ಆಸರೆಯ ಔಷಧವಾದ ಕೊಲಿಸ್ಟಿನ್ ಅನ್ನು ಕೋಳಿ, ಮೀನು ಸಾಕಣೆಯಲ್ಲಿ ಬಳಸುವುದನ್ನು 2019ರ ಜುಲೈನಲ್ಲಿ ನಿಷೇಧಿಸಿದ್ದು ಮಾತ್ರ ನಿಜವಾಗಿ ಗಟ್ಟಿ ಹೆಜ್ಜೆ. ಹೊಸ ಔಷಧಗಳೂ ಬರುತ್ತಿವೆ. ಚೆನ್ನೈನ ಆರ್ಕಿಡ್ ಫಾರ್ಮಾ ಕಂಡುಹಿಡಿದ ಎನ್ಮೆಟಾಜೊಬ್ಯಾಕ್ಟಮ್, ಸೆಫೆಪಿಮ್ ಜೊತೆಗೂಡಿ ಜಟಿಲ ಮೂತ್ರದ ಸೋಂಕಿಗೆ 2024ರ ಫೆಬ್ರುವರಿಯಲ್ಲಿ ಅಮೆರಿಕದ ಒಪ್ಪಿಗೆ ಪಡೆಯಿತು. ಸಿಟಿಎಕ್ಸ್-ಎಂ-15ರ ಬಾಯಿ ಕಟ್ಟಲು ಅದಕ್ಕೆ ಬರುತ್ತದೆ. ಎನ್‌ಡಿಎಂ ಎದುರು ನಡೆಯದು. 2025ರ ಮಾರ್ಚಿನಲ್ಲಿ ಅಲ್ಲಿಯೇ ಒಪ್ಪಿಗೆ ಪಡೆದ ಗೆಪೊಟಿಡಾಸಿನ್ ಎಂಬ ಗುಳಿಗೆ ಜೈರೇಸನ್ನೇ ಹಿಡಿದರೂ ಬೇರೆ ಜಾಗದಲ್ಲಿ ಹಿಡಿಯುತ್ತದೆ, ಅದರ ಜೊತೆಗಾರ ಕಿಣ್ವವನ್ನೂ ಅಷ್ಟೇ ಬಿಗಿಯಾಗಿ ಹಿಡಿಯುತ್ತದೆ. ಪಾರಾಗಲು ಎರಡು ರೂಪಾಂತರ ಒಟ್ಟಿಗೆ ಬೇಕು. ಕ್ಷಯದ ಪಾಠವನ್ನು ಒಂದೇ ಅಣುವಿನಲ್ಲಿ ಅಡಗಿಸಿಟ್ಟ ಜಾಣತನ ಇದು.

ಸದ್ಯಕ್ಕೆ ಮಿರಜದ ಯಾವ ಹೊರರೋಗಿ ವಿಭಾಗದಲ್ಲೇ ಆಗಲಿ ಕೈಗೆಟಕುವುದು ಅದೇ ಹಳೆಯ ನೈಟ್ರೊಫ್ಯುರಾಂಟೋಯಿನ್. ಅದರ ಗೋಡೆಯಲ್ಲೂ ಒಂದು ಬಿರುಕು ಕಂಡಿದೆ. ಡೆನ್ಮಾರ್ಕಿನ ಹಂದಿ ಸಾಕಣೆಯಲ್ಲಿ ಬೇಗ ಬೆಳೆಯಲೆಂದು ಮೇವಿಗೆ ಬೆರೆಸುತ್ತಿದ್ದ ಒಲಾಕ್ವಿನ್‌ಡಾಕ್ಸ್ ಎಂಬ ರಾಸಾಯನಿಕವನ್ನು ಹೊರದೂಡುವ ಪಂಪಿನ ವಂಶವಾಹಿ, ಓಕ್ಯೂಎಕ್ಸ್-ಎಬಿ, ಅಲ್ಲಿನ ಹಂದಿಗೊಬ್ಬರದ ಇ. ಕೋಲೈಯ ಪ್ಲಾಸ್ಮಿಡ್ ಒಂದರಲ್ಲಿ ಸಿಕ್ಕಿತ್ತು. ಆ ಪಂಪು ನೈಟ್ರೊಫ್ಯುರಾಂಟೋಯಿನ್ ಅನ್ನೂ ಒಂದಿಷ್ಟು ಹೊರದೂಡುತ್ತದೆ ಎಂದು ಹಾಂಗ್‌ಕಾಂಗ್‌ನಲ್ಲಿ ರೋಗಿಗಳ ಇ. ಕೋಲೈ ಮೇಲೆ ಮಾಡಿದ ಅಧ್ಯಯನ ತೋರಿಸಿತು. ಕಳೆದುಕೊಂಡಷ್ಟೇ ಪಾರಾಗಬಹುದಾಗಿದ್ದ ಔಷಧದ ವಿರುದ್ಧ ಕೊಟ್ಟು ತೆಗೆದುಕೊಳ್ಳಬಹುದಾದ ವಂಶವಾಹಿಯೊಂದು ಆಗಲೇ ಗಂಟಿಗೆ ಸೇರಿಯಾಗಿದೆ.